ನೀರು ಸೋಸುವ ಕಾಕೂ ಮತ್ತು ಜಪಾನಿನ ಹಡಗು

ಗೋಕಾಕ ಫಾಲ್ಸಿನಲ್ಲಿ ನಾವು ಕಾಕೂ ಎಂದು ಕರೆಯುತ್ತಿದ್ದ ಬಾಜೂಮನೆಯ ಜೈನ ಹೆಂಗಸು ಕುಡಿಯುವ ನೀರು ಸೋಸಿ, ಬಟ್ಟೆಯಲ್ಲಿ ಉಳಿದದ್ದನ್ನು ಮೆಲ್ಲಗೆ ಬಾವಿಗೇ ಮರಳಿ ಬಿಡುತ್ತಿದ್ದರು. "ಕಣ್ಣಿಗೆ ಕಾಣದ ಜೀವ ಇರ್ತಾವ್ರಿ, ಬಾಯಾರ" ಎನ್ನುತ್ತಿದ್ದರು. ಕಾನ್ವೆಂಟಿನಲ್ಲಿ ಕಲಿತು ಟೀಚರಾಗಿ ಅವರಿಗೆ 'ಬಾಯಾರ' ಆಗಿದ್ದ ನಾನು "ಹೌ ಸ್ವೀಟ್!" ಎಂದು ಒಳಗೊಳಗೇ ನಗುತ್ತಿದ್ದೆ.

ಒಂದು ಮಧ್ಯಾಹ್ನ ಫೋನಿನಲ್ಲಿ ಜಪಾನಿನ ಹೊಸ ತಿಮಿಂಗಿಲ ಬೇಟೆಯ ಹಡಗನ್ನು ಅವರಿಗೆ ತೋರಿಸಿದೆ. ಸತ್ತ ತಿಮಿಂಗಿಲವನ್ನು ಹಿಂಬದಿಯ ಇಳಿಜಾರಿನಿಂದ ಒಳಗೆ ಎಳೆಯುತ್ತಿದ್ದರು. "ಬಾರ್ಬೇರಿಯನ್ಸ್!" ಎಂದು ನಾನು ದೊಡ್ಡ ಲೆಕ್ಚರ್ ಬಿಗಿದೆ.

ಕಾಕೂ ಕಣ್ಣೊರೆಸಿಕೊಂಡರು. "ಇವತ್ತ ಅದರ ಹೆಸರಿಲೆ ನಂದು ಉಪವಾಸರಿ."

"ನಂದೂ!" ಎಂದುಬಿಟ್ಟೆ.

ಕಾಕೂ ನನ್ನ ಕೈ ಹಿಡಿದರು. "ಬ್ಯಾಡ್ರಿ ಬಾಯಾರ, ನೀವು ಉಣ್ರಿ. ಮೀನಿನ ಸಾರು ಆರತೈತಿ."

ಮೂವತ್ತು ವರ್ಷ ಅವರ ಕಡೆಯ ಕಿಟಕಿ ಮುಚ್ಚಿಯೇ ಮೀನು ಬೇಯಿಸಿದವಳು ನಾನು, ಕ್ಲೆವರ್ ಗರ್ಲ್!