ಕರಡಿಯ ಸಾಲು, ನನ್ನ ಪಿಸ್ತೂಲು

ಹೋದ ವಾರ ಬೆಳಿಗ್ಗೆ ನನ್ನ ಸ್ಕೂಟಿಗೆ ಕರಡಿ ಅಡ್ಡ ಬಂತು. (ಬೆಕ್ಕು ಅಡ್ಡ ಬಂದರೆ ವಾಪಸ್ ಹೋಗಬೇಕಂತೆ. ಕರಡಿ ಬಂದರೆ ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ.) ಗುಡ್ಡದ ಬುಡದಲ್ಲಿರುವ ನಮ್ಮ ಶೇಂಗಾ ಹೊಲದ ದಾರಿ ಅದು. ಹಾರ್ನ್ ಒತ್ತಿದೆ. ಅದು ಎದ್ದು ನಿಂತಿತು. ಮತ್ತೆ ಹಾರ್ನ್ ಒತ್ತಿದೆ. ಕೊನೆಗೆ ಅದಕ್ಕೇ ಬೇಸರವಾಗಿ ಪೊದೆಯೊಳಗೆ ಹೋಯಿತು.

ಸಂಜೆಯೊಳಗೆ, ಕೊಟ್ಟೂರಿನಲ್ಲಿ ಅಂಗಡಿ ಇಟ್ಟಿರುವ ನನ್ನ ತಮ್ಮ ಕೂಡ್ಲಿಗಿಯ ನಮ್ಮ ಮನೆಯಲ್ಲಿ ಹಾಜರ್. ಹೊಲವನ್ನು ಬೇರೆಯವರಿಗೆ ಲಾವಣಿಗೆ ಕೊಟ್ಟು ಮನೆಯಲ್ಲಿ ಕೂರು ಎಂದ. ಆಗಲ್ಲ ಎಂದೆ. ಹಾಗಾದರೆ ಪಿಸ್ತೂಲು ತಗೋ ಎಂದು ಮೊಬೈಲ್ ತೆಗೆದ.

ಮಿಕ್ಸಿ ಆರಿಸುವವರ ಹಾಗೆ ಶುರುವಾಯಿತು. ರಿವಾಲ್ವರ್ ಆದರೆ ಜಾಮ್ ಆಗುವ ಚಿಂತೆ ಕಡಿಮೆಯಂತೆ. ಪಿಸ್ತೂಲಿನಲ್ಲಿ ಗುಂಡು ಜಾಸ್ತಿಯಂತೆ. ದೊಡ್ಡದು ಕೈಗೆ ಒದೆಯುತ್ತದೆ, ಸಣ್ಣದು ಕರಡಿಗೆ ಕಚಗುಳಿ. ಲೈಸೆನ್ಸ್ ಕೊಡುತ್ತಾರಾ ಎಂದರೆ ನೋಡೋಣ ಎಂದ. ಕರಡಿ ಸತ್ತರೆ ಜೈಲಿಗೆ ಹೋಗುವವರು ಯಾರು? ಅದಕ್ಕೆ ಇನ್ನೊಂದು ಫೋಟೋ ತೋರಿಸಿದ.

"ಅಕ್ಕಾ, ಇದು ನೋಡು. ನಿನ್ನ ಬ್ಯಾಗಿನಾಗ ಆರಾಮ ಕುಂದರತೈತಿ."

ನನ್ನ ಬ್ಯಾಗೇ? ಅದರಲ್ಲಿ ಕನ್ನಡಕ ಹುಡುಕುವಷ್ಟರಲ್ಲಿ ಹೊತ್ತು ಮುಳುಗುತ್ತದೆ. ಅಲ್ಲಿಯವರೆಗೆ ಕರಡಿ ಕಾಯುತ್ತದೆಯೇ? ಗನ್ನೂ ಬೇಡ, ಮನೆಯಲ್ಲಿ ಕೂರುವುದೂ ಬೇಡ ಎಂದೆ. ಅಪ್ಪ ಹೋದ ಮೇಲೆ ಆ ಹೊಲ ಮಾಡುತ್ತಿರುವವಳು ನಾನು. ಹೆದರಿಕೆ ನನಗೂ ಇದೆ. ಹೆದರಿಕೊಂಡೇ ಹೋಗುತ್ತೇನೆ.

ಅಷ್ಟು ಹೊತ್ತೂ ಶೇಂಗಾ ಸುಲಿಯುತ್ತಾ ಕೂತಿದ್ದ ಅವ್ವ ಆಗ ತಮ್ಮನನ್ನು ಕೇಳಿದಳು.

"ಗುಡ್ಡದ ಕಡೀ ಸಾಲಿನ ಹಣ್ಣು ಹಂಗ ಅದಾವೇನೋ?"

ಇದನ್ನು ನಿಮಗೆ ಹೇಳಬೇಕು. ನಮ್ಮ ಹೊಲದ ಬದುವಿನುದ್ದಕ್ಕೂ ಸೀತಾಫಲದ ಗಿಡಗಳಿವೆ. ಗುಡ್ಡಕ್ಕೆ ಅಂಟಿದ ಕೊನೆಯ ಸಾಲಿಗೆ ನಮ್ಮಲ್ಲಿ ಯಾರೂ ಕೈ ಹಾಕುವುದಿಲ್ಲ. ಅದು ಕರಡಿಯ ಪಾಲು, ಅಜ್ಜನ ಕಾಲದಿಂದಲೂ. ಅದು ಬರುತ್ತದೆ, ತಿನ್ನುತ್ತದೆ, ಅಲ್ಲಿಂದಲೇ ಗುಡ್ಡ ಹತ್ತುತ್ತದೆ, ದಾರಿಗೆ ಇಳಿಯುವುದಿಲ್ಲ. ಶೇಂಗಾ ನನ್ನದು, ಗಿಡಗಳ ಉಸ್ತುವಾರಿ ತಮ್ಮನದು.

ತಮ್ಮ ಮೊಬೈಲಿನಿಂದ ತಲೆ ಎತ್ತಲಿಲ್ಲ. ಈ ಸಲ ಕಾನಹೊಸಹಳ್ಳಿಯ ವ್ಯಾಪಾರಿಗೆ ಕೊನೆಯ ಸಾಲನ್ನೂ ಸೇರಿಸಿ ಕೊಟ್ಟಿದ್ದನಂತೆ. ಇನ್ನೂ ಕಾಯಿ ಇರುವಾಗಲೇ ಎಲ್ಲವನ್ನೂ ಕಿತ್ತು ಟೆಂಪೋಗೆ ತುಂಬಿದ್ದಾರೆ.

"ಕರಡಿ ಏನ್ ಕೇಳಾಕ ಬರತೈತೇನವ್ವಾ ಅನ್ಕಂಡಿದ್ನಿ," ಎಂದ ಮೆತ್ತಗೆ.

ಬಂದಿತ್ತಲ್ಲ! ದಾರಿಯಲ್ಲಿ ಎದ್ದು ನಿಂತು, ನನ್ನನ್ನೇ ಕೇಳಿತ್ತು. ಸಿಟ್ಟಿಗೆ ನನ್ನ ಮೈಯೆಲ್ಲ ಉರಿಯಿತು. ಆದರೆ ಆ ಸಿಟ್ಟು ಕರಡಿಯ ಮೇಲಲ್ಲ.

ಮರುದಿನ ದಾರಿಯುದ್ದಕ್ಕೂ ಹಾರ್ನ್ ಹೊಡೆಯುತ್ತಾ ಹೊಲಕ್ಕೆ ಹೋದೆ. ಇವತ್ತೂ ಹೋಗಿದ್ದೆ, ನಾಳೆಯೂ ಹೋಗುತ್ತೇನೆ. ಇನ್ನು ಮುಂದೆ ಕೊನೆಯ ಸಾಲಿನ ಉಸ್ತುವಾರಿಯೂ ನನ್ನದೇ ಎಂದು ತಮ್ಮನಿಗೆ ಹೇಳಿಯಾಗಿದೆ. ಅವನು ಇನ್ನೂ ಫೋಟೋ ಕಳಿಸುತ್ತಲೇ ಇದ್ದಾನೆ: ಹೊಸ ಮಾಡೆಲ್, ಹಗುರ, ಹೆಂಗಸರಿಗೆ ಹೇಳಿ ಮಾಡಿಸಿದ್ದು.

ನೀವೇ ಹೇಳಿ, ಈಗ ಪಿಸ್ತೂಲು ಬೇಕಿರುವುದು ನನಗೋ, ಕರಡಿಗೋ?