ಮೂರು ಕಚೇರಿಗೆ ಒಂದೇ ಕೀಬೋರ್ಡು

ನನ್ನ ಕೈಚೀಲದಲ್ಲಿ ಊಟದ ಡಬ್ಬಿಯ ಪಕ್ಕ ಒಂದು ಕೀಬೋರ್ಡು ಇರುತ್ತದೆ. ಮೊಳದಷ್ಟೂ ಉದ್ದವಿಲ್ಲ, ಆದರೆ ಒಳ್ಳೆ ಭಾರ. ಬಸ್ಸಿನಲ್ಲಿ ಯಾರಾದರೂ ಆ ಚೀಲವನ್ನು ಕಾಲಿನಿಂದ ಸರಿಸಿದರೆ ನಾನು ಜಗಳಕ್ಕೇ ನಿಲ್ಲುತ್ತೇನೆ.

ನಾನು ಸರ್ಕಾರಿ ಬೆರಳಚ್ಚುಗಾರ್ತಿ. ಹುದ್ದೆ ರಾಯಚೂರಿನಲ್ಲಿ. ಆದರೆ ನಮ್ಮ ಕಡೆ ಖಾಲಿ ಕುರ್ಚಿಗಳು ಜಾಸ್ತಿ. ಹಾಗಾಗಿ ಒಬ್ಬರ ತಲೆಗೆ ಮೂರು ಕಚೇರಿ ಕಟ್ಟಿ ಅದಕ್ಕೆ ಪ್ರಭಾರ ಎಂದು ಹೆಸರಿಡುತ್ತಾರೆ. ಸೋಮವಾರ, ಮಂಗಳವಾರ ರಾಯಚೂರು. ಬುಧವಾರ, ಗುರುವಾರ ಮಾನ್ವಿ. ಶುಕ್ರವಾರ, ಶನಿವಾರ ದೇವದುರ್ಗ. ಮೂರು ಕಡೆ ಮೂರು ಕಂಪ್ಯೂಟರು, ಮೂರಕ್ಕೂ ಒಂದೊಂದು ರೋಗ. ಮಾನ್ವಿಯ ಕೀಬೋರ್ಡಿಗೆ ಯಾರೋ ಚಹಾ ಕುಡಿಸಿದ್ದರು. ದೇವದುರ್ಗದ್ದರಲ್ಲಿ ಅರ್ಧ ಕೀಗಳು ಒತ್ತಿದರೆ ಮೇಲೇಳುತ್ತಿರಲಿಲ್ಲ.

ಆ ಸಿಟ್ಟಿಗೆ ನನ್ನ ಸ್ವಂತದ್ದೊಂದು ತರಿಸಿದೆ. ಇದಕ್ಕೆ ತಂತಿಯಿಲ್ಲ, ಪಕ್ಕದಲ್ಲಿ ಅಂಕಿಗಳ ಸಾಲಿಲ್ಲ. ಮೂಲೆಯ ಒಂದು ಕೀ ಹಿಡಿದು ಮೇಲಿನ ಸಾಲಿನ ಅಂಕಿ ಒಂದು ಒತ್ತಿದರೆ ರಾಯಚೂರಿನ ಕಂಪ್ಯೂಟರು ಸಿಗುತ್ತದೆ, ಎರಡು ಒತ್ತಿದರೆ ಮಾನ್ವಿ, ಮೂರು ಒತ್ತಿದರೆ ದೇವದುರ್ಗ. ಪ್ರತಿ ಕೀ ಕೆಳಗೂ ಒಂದು ಸ್ಪ್ರಿಂಗು, ಒತ್ತಿದಾಗಲೆಲ್ಲ ಟಕ್ ಎಂಬ ಸದ್ದು. ಮೊದಲ ದಿನವೇ ಮಾನ್ವಿಯ ಮ್ಯಾನೇಜರು ಬಾಗಿಲಲ್ಲಿ ನಿಂತು, "ಏನ್ರೀ ಮೇಡಮ್ಮಾರ, ಒಳಗ ಜೋಳದ ಅಳ್ಳು ಹುರಿಯಾಕತ್ತೀರೇನು?" ಎಂದರು. "ಹೌದ್ರಿ, ನಾಗರ ಪಂಚಮಿ ಬಂತಲ್ಲ" ಎಂದೆ. ಅವರು ನಗುತ್ತ ಹೋದರು. ಅವರಿಗೇನು ಗೊತ್ತು, ನಾನು ಅದನ್ನು ತರಿಸಿದ್ದೇ ಆ ಸದ್ದಿಗಾಗಿ.

ನನ್ನ ಅಪ್ಪ ರಾಯಚೂರಿನಲ್ಲಿ ಟೈಪಿಂಗ್ ಶಾಲೆ ನಡೆಸುತ್ತಿದ್ದ. ತೀನ್ ಕಂದೀಲ್ ಚೌಕದ ಹತ್ತಿರ ಒಂದು ಮಾಳಿಗೆಯ ಮೇಲೆ ಉದ್ದನೆಯ ಕೋಣೆ, ಅದರಲ್ಲಿ ಎಂಟು ಮಷೀನು. ಬೆಳಿಗ್ಗೆ ಆರಕ್ಕೇ ಟಕಟಕ ಶುರುವಾಗುತ್ತಿತ್ತು. ಕಿರಾಣಿ ಅಂಗಡಿಯ ಸಾಹೇಬರ ಮಕ್ಕಳು, ಗಂಜ್ ಮಾರುಕಟ್ಟೆಯ ಹಮಾಲರ ಮಕ್ಕಳು, ನಾನು, ಎಲ್ಲ ಒಂದೇ ಸಾಲು. ನಮ್ಮ ಬೆರಳುಗಳ ಮೇಲೆ ಅಪ್ಪ ಒಂದು ಟವೆಲ್ ಹೊದಿಸುತ್ತಿದ್ದ, ಕೀ ನೋಡಬಾರದೆಂದು. ತಾನು ಕಿಟಕಿಯ ಕಡೆ ಮುಖ ಮಾಡಿ ನಿಂತು ಸದ್ದಿನಲ್ಲೇ ತಪ್ಪು ಹಿಡಿಯುತ್ತಿದ್ದ. ಆ ಕೋಣೆಯ ಎಣ್ಣೆ, ರಿಬ್ಬನ್ನುಗಳ ವಾಸನೆ ಈಗಲೂ ಎಲ್ಲಾದರೂ ಸಿಕ್ಕರೆ ನಾನು ಕೆಲಸ ಬಿಟ್ಟು ಸುಮ್ಮನೆ ಕೂತುಬಿಡುತ್ತೇನೆ.

ಅಪ್ಪನದೊಂದು ವಿಚಿತ್ರ ನಿಯಮವಿತ್ತು. ಇವತ್ತು ಕೂತ ಮಷೀನಿಗೆ ನಾಳೆ ಕೂರುವಂತಿಲ್ಲ. ಬಾಗಿಲ ಪಕ್ಕದ ಪಾಟಿಯ ಮೇಲೆ ದಿನವೂ ಹೆಸರುಗಳ ಮುಂದೆ ನಂಬರು ಬದಲಾಗುತ್ತಿತ್ತು. ನನಗೆ ನಾಲ್ಕನೆಯದು ಇಷ್ಟ, ಬೆಣ್ಣೆಯ ಹಾಗೆ ಓಡುತ್ತಿತ್ತು. ಏಳನೆಯದು ಕಂಡರೆ ಆಗುತ್ತಿರಲಿಲ್ಲ, ಕಲ್ಲು ಗುದ್ದಿದ ಹಾಗೆ. "ಯಪ್ಪಾ, ಏಳು ಸುಮಾರ್ ಅದ" ಎಂದು ಒಮ್ಮೆ ಅತ್ತಿದ್ದೆ.

"ಕುಣಿಯಾಕ ಬರದಾಕಿ ಅಂಗಳ ಡೊಂಕ ಅಂದ್ಲಂತ" ಎಂದ ಅಪ್ಪ. "ನಾಳಿ ಯಾವ ಕಚೇರ್ಯಾಗ ಎಂಥಾದ್ದು ಸಿಗ್ತದೋ ಯಾರಿಗ್ಗೊತ್ತು. ಒಂದ ಮಷೀನಿನ ಮ್ಯಾಲ ಮನಸ ಇಡಬ್ಯಾಡ ಬೇ."

ಆಗ ಪರೀಕ್ಷೆಗೆ ಮಷೀನು ನಾವೇ ಒಯ್ಯಬೇಕಿತ್ತು. ನನ್ನ ಪರೀಕ್ಷೆಯ ದಿನ ಎಂಟನ್ನೂ ಟಾಂಗಾದಲ್ಲಿ ಹೇರಿಕೊಂಡು ಹೋಗಿ, ಕೇಂದ್ರದ ಗೇಟಿನಲ್ಲಿ ಮೊದಲು ಇಳಿದ ಮಷೀನು ಮೊದಲು ನಿಂತವರಿಗೆ ಎಂದು ಅಪ್ಪ ಹಂಚಿದ. ಸ್ವಂತ ಮಗಳಿಗೆ ಏಳನೆಯದು ಬಂತು. ಪಾಸಾದೆ, ಆದರೆ ಎಂಟು ದಿನ ಅವನ ಜೊತೆ ಮಾತು ಬಿಟ್ಟಿದ್ದೆ. ಅಪ್ಪ ಹೋದ ಮೇಲೆ ಮಷೀನುಗಳು ಗುಜರಿಗೆ ಹೋದವು. ನಾನು ನೌಕರಿ ಮಾಡುತ್ತ ನಲವತ್ತರ ವಯಸ್ಸು ದಾಟಿ ಐವತ್ತರ ಹತ್ತಿರ ಬಂದು, ಎಲ್ಲಿ ಹೋದರೂ ಇದೇ ಇರಲಿ ಎಂದು ಒಂದು ಕೀಬೋರ್ಡು ಕೊಂಡುಕೊಂಡೆ. ಅಪ್ಪನ ನಿಯಮವನ್ನು ತಲೆಕೆಳಗು ಮಾಡಿದೆನೆಂದು ಆಗ ಹೊಳೆಯಲೇ ಇಲ್ಲ.

ದೇವದುರ್ಗದ ಕಚೇರಿಗೆ ಅದೇ ತಾಲೂಕಿನ ಜಾಲಹಳ್ಳಿಯಿಂದ ಬಸ್ಸಿನಲ್ಲಿ ಬರುವ ಹೆಣ್ಣುಮಗಳೊಬ್ಬಳಿದ್ದಳು. ಆಕೆಯ ಗಂಡ ಅದೇ ಕಚೇರಿಯಲ್ಲಿ ಜವಾನನಾಗಿದ್ದವನು, ಜ್ವರ ಬಂದು ತೀರಿಕೊಂಡಿದ್ದ. ಪಿಯುಸಿ ಓದಿದ್ದಳೆಂದು ಅನುಕಂಪದ ಮೇಲೆ ಬೆರಳಚ್ಚು ಕೆಲಸ ಸಿಕ್ಕಿತ್ತು. ಆದರೆ ಗಡುವಿನೊಳಗೆ ಬೆರಳಚ್ಚು ಪರೀಕ್ಷೆ ಪಾಸಾಗಬೇಕು, ಇಲ್ಲದಿದ್ದರೆ ನೌಕರಿ ಇಲ್ಲ. ಒಮ್ಮೆ ನಪಾಸಾಗಿದ್ದಳು. ಗಡುವಿನೊಳಗೆ ಉಳಿದದ್ದು ಇನ್ನೊಂದೇ ಪರೀಕ್ಷೆ. ಮನೆಯಲ್ಲಿ ಎರಡು ಹೆಣ್ಣುಮಕ್ಕಳು.

ನನ್ನ ಕೀಬೋರ್ಡು ಯಾರೂ ಮುಟ್ಟುವಂತಿರಲಿಲ್ಲ. ಆಕೆಗೆ ಮಾತ್ರ ಕೊಟ್ಟೆ. ಶುಕ್ರವಾರ, ಶನಿವಾರ ಊಟದ ನಂತರ ನನ್ನ ಕುರ್ಚಿಯಲ್ಲೇ ಕೂರಿಸಿ ಬೆರಳ ಮೇಲೆ ಟವೆಲ್ ಹೊದಿಸಿದೆ. ನಾನು ಕಿಟಕಿಯ ಕಡೆ ಮುಖ ಮಾಡಿ ನಿಂತೆ. ಉಳಿದ ದಿನ ಕಚೇರಿಯ ಆ ದರಿದ್ರ ಕೀಬೋರ್ಡು ಮುಟ್ಟಬೇಡ, ಕೈ ಕೆಡುತ್ತದೆ, ರಟ್ಟಿನ ಮೇಲೆ ಅಕ್ಷರ ಬರೆದುಕೊಂಡು ಬೆರಳು ಆಡಿಸು ಎಂದು ನಾನೇ ಹೇಳಿದೆ. ನಾಲ್ಕು ತಿಂಗಳಲ್ಲಿ ಆಕೆಯ ಕೈ ನೋಡಬೇಕಿತ್ತು. ಕಣ್ಣು ಮುಚ್ಚಿ ಕೇಳಿದರೆ ನಮ್ಮ ಮಾಳಿಗೆಯ ಕೋಣೆಯೇ. ನನಗೆ ಎಷ್ಟು ಹಿಗ್ಗಿತ್ತೆಂದರೆ ಮಾನ್ವಿಯ ಮ್ಯಾನೇಜರಿಗೂ ಹೇಳಿ ಬಂದಿದ್ದೆ.

ಪರೀಕ್ಷೆಗೆ ಮೂರು ವಾರವಿದ್ದಾಗ ಪ್ರವೇಶಪತ್ರ ಬಂತು. ಕೇಂದ್ರದ ಕಂಪ್ಯೂಟರನ್ನೇ ಬಳಸಬೇಕು, ಮೊಬೈಲು ಮತ್ತು ತಂತಿಯಿಲ್ಲದ ಯಾವ ಸಾಧನವನ್ನೂ ಒಳಗೆ ತರುವಂತಿಲ್ಲ. ಇದು ನನಗೆ ಮೊದಲೇ ತಿಳಿಯಬೇಕಿತ್ತು, ಟೈಪಿಂಗ್ ಮಾಸ್ತರನ ಮಗಳು ನಾನು! ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ, ಆಕೆಯನ್ನು ಕಚೇರಿಯ ಹಳೆಯ ಕೀಬೋರ್ಡಿನ ಮುಂದೆ ಕೂರಿಸಿದೆ. ಕೈ ಪೂರ್ತಿ ನಿಂತುಹೋಯಿತು. ಎರಡು ಸಾಲಿಗೆ ಹತ್ತು ತಪ್ಪು.

"ಅಕ್ಕಾರ, ನಿಮ್ದ ಕೊಡ್ರಿ. ಇದರಾಗ ಬರವಲ್ದು" ಎಂದಳು.

"ಕೊಡಂಗಿಲ್ಲವ್ವ. ತಪ್ಪು ನಂದು, ಆದರೂ ಕೊಡಂಗಿಲ್ಲ."

ಕೀಬೋರ್ಡನ್ನು ಚೀಲಕ್ಕೆ ಹಾಕಿ ಚೈನು ಎಳೆದೆ. ಆಕೆಯ ಕಣ್ಣುಗಳು ತುಂಬಿದವು. ಮತ್ತೆ ಟೈಪು ಮಾಡತೊಡಗಿದಳು. ಆವತ್ತು ಬಸ್ಸಿನಲ್ಲಿ ನನ್ನನ್ನು ನಾನೇ ಬೈದುಕೊಂಡಷ್ಟು ಎಂದೂ ಯಾರನ್ನೂ ಬೈದಿಲ್ಲ.

ಮುಂದಿನ ವಾರ ರಾಯಚೂರಿನ ಉಗ್ರಾಣದಿಂದ ಮೂರು ಹಳೆಯ ಕೀಬೋರ್ಡು, ಮಾನ್ವಿಯಿಂದ ಚಹಾ ಕುಡಿದದ್ದು, ಎಲ್ಲವನ್ನೂ ಗೋಣಿಚೀಲದಲ್ಲಿ ಕಟ್ಟಿಕೊಂಡು ಹೋದೆ. ಬಸ್ಸಿನ ಕಂಡಕ್ಟರು ಲಗೇಜು ಟಿಕೆಟ್ ಕೇಳಿ ನನ್ನಿಂದ ಬೈಸಿಕೊಂಡ. ಅರ್ಧ ಗಂಟೆಗೊಂದು ಬದಲಿಸಿ ಬದಲಿಸಿ ಕೂರಿಸಿದೆ. ಹುರುಪು ತುಂಬಲೆಂದು ನಾನೂ ಪಕ್ಕದಲ್ಲಿ ಕೂತು ಮಾನ್ವಿಯದರ ಮೇಲೆ ಒಂದು ಪುಟ ಹೊಡೆದು ತೋರಿಸಲು ಹೋದೆ. ನನ್ನ ಪುಟದ ತುಂಬ ತಪ್ಪು. ಆಕೆ ನೋಡಿದಳು, ನೋಡದವಳ ಹಾಗೆ ಮುಖ ತಿರುಗಿಸಿದಳು.

ನಾನಿಲ್ಲದ ನಾಲ್ಕು ದಿನ ಆಕೆ ಏನು ಮಾಡುತ್ತಿದ್ದಳೆಂಬುದು ಆಮೇಲೆ ತಿಳಿಯಿತು. ಬಸ್‌ಸ್ಟ್ಯಾಂಡಿನ ಝೆರಾಕ್ಸ್ ಅಂಗಡಿ, ಜಾಲಹಳ್ಳಿಯ ಆನ್‌ಲೈನ್ ಅರ್ಜಿ ಹಾಕುವ ಅಂಗಡಿ, ಮಕ್ಕಳ ಶಾಲೆಯ ಕಂಪ್ಯೂಟರು, ಎಲ್ಲಿ ಕೀಬೋರ್ಡು ಕಂಡರೆ ಅಲ್ಲಿ ಹೋಗಿ, "ಹತ್ತ ನಿಮಿಷ ಕುಂಡ್ರತೀನ್ರಿ ಯಣ್ಣಾ" ಎಂದು ಕೇಳಿ ಕೂರುತ್ತಿದ್ದಳಂತೆ. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ.

ಪರೀಕ್ಷೆಯ ದಿನ ರಾಯಚೂರಿನ ಕಾಲೇಜೊಂದರ ಗೇಟಿನ ಹೊರಗೆ ಬೇವಿನ ಗಿಡದ ಕೆಳಗೆ ನಿಂತಿದ್ದೆ. ಒಂದು ಗಂಟೆಯ ಮೇಲೆ ಹೊರಬಂದಳು.

"ಹ್ಯಾಂಗಾತವ್ವ?"

"ಸ್ಪೇಸ್ ಬಾರ್ ಒಂದ ಕಡಿ ಎದ್ದಿತ್ರಿ ಅಕ್ಕಾರ. ನಮ್ಮೂರ ಅಂಗಡ್ಯಾಂದೂ ಹಂಗ ಅದ. ಹೊಡದ ಬಂದೀನ್ರಿ."

ಪಾಸಾದಳು. ನೌಕರಿ ಉಳಿಯಿತು. ದೇವದುರ್ಗಕ್ಕೆ ಬೆರಳಚ್ಚುಗಾರ್ತಿ ಸಿಕ್ಕಳೆಂದು ನನ್ನ ಪ್ರಭಾರ ತೆಗೆದರು. ಕಡೆಯ ಶನಿವಾರ ಚಹಾ ಆದ ಮೇಲೆ ನನ್ನ ಕೀಬೋರ್ಡನ್ನು ಆಕೆಯ ಮೇಜಿನ ಮೇಲಿಟ್ಟು, "ಇಟ್ಕೋ, ನಿನಗ ಇರ್ಲಿ" ಎಂದೆ. ಕೊಡಲು ಎಷ್ಟು ಕಷ್ಟವಾಯಿತೆಂದು ನನಗೇ ಗೊತ್ತು.

ಆಕೆ ಒಂದೆರಡು ಕೀ ಒತ್ತಿ ಸದ್ದು ಕೇಳಿದಳು. ಸೆರಗಿನಿಂದ ಧೂಳು ಒರೆಸಿದಳು. ಆಮೇಲೆ ತಾನೇ ನನ್ನ ಚೀಲ ತೆರೆದು ಡಬ್ಬಿಯ ಪಕ್ಕ ಇಟ್ಟಳು.

"ಬ್ಯಾಡ್ರಿ ಅಕ್ಕಾರ. ನನಗ ಯಾವುದಾದ್ರೂ ನಡೀತದ. ನಿಮಗ ಇದಿಲ್ಲಂದ್ರ ನಡಿಯಂಗಿಲ್ಲ."

ಆ ಮಾತಿನಲ್ಲಿ ಚುಚ್ಚು ಇರಲಿಲ್ಲ, ಮಗುವಿಗೆ ಹೇಳಿದ ಹಾಗೆ ಹೇಳಿದಳು. ನಾನು ಚೀಲ ಎತ್ತಿಕೊಂಡು ಬಸ್ಸು ಹತ್ತಿದೆ. ಅಪ್ಪ ಇದ್ದಿದ್ದರೆ ತನ್ನ ನಿಜವಾದ ಶಿಷ್ಯೆ ಈಕೆಯೇ ಎನ್ನುತ್ತಿದ್ದ, ನನ್ನೆದುರೇ ಎನ್ನುತ್ತಿದ್ದ. ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ರಾಯಚೂರಿನ ದಾರಿಯಲ್ಲಿ ಗಬ್ಬೂರು ದಾಟುವವರೆಗೂ ಅತ್ತೆ.