ಜರ್ಮನಿ ಬಾಯಾರು ಕೇಳಿದ್ದು, ಯಲ್ಲವ್ವ ಹೇಳಿದ್ದು

೧೯೬೨ರಲ್ಲಿ ನಾನು ಗೋಕಾಕ ತಾಲೂಕಿನಲ್ಲಿ ಮುಖ್ಯಸೇವಿಕೆಯಾಗಿದ್ದೆ. ಹಳ್ಳಿಗಳ ಮಹಿಳಾ ಮಂಡಳಗಳನ್ನು ನೋಡಿಕೊಳ್ಳುವುದು, ಹೊಸ ಪಂಚಾಯತಿಗಳಲ್ಲಿ ಹೆಣ್ಣು ಸದಸ್ಯರು ಸಭೆಗೆ ಬರುತ್ತಾರೋ ಇಲ್ಲವೋ ಎಂದು ತಿಂಗಳಿಗೊಮ್ಮೆ ವರದಿ ಬರೆಯುವುದು ನನ್ನ ಕೆಲಸ. ಹುಕ್ಕೇರಿಯವಳು, ಬೆಳಗಾವಿಯಲ್ಲಿ ಬಿ.ಎ. ಓದಿದವಳು. ಇಂಗ್ಲಿಷ್ ಬರುತ್ತದೆಂಬ ಜಂಬ ಸಾಕಷ್ಟಿತ್ತು. ಅದೇ ಜಂಬ ಆ ವರ್ಷ ನನ್ನನ್ನು ದುಭಾಷಿಯಾಗಿ ನಿಲ್ಲಿಸಿತು.

ಜನವರಿಯಲ್ಲಿ ಪಶ್ಚಿಮ ಜರ್ಮನಿಯ ಸಂಸತ್ ಸದಸ್ಯೆಯೊಬ್ಬರು ಬಂದರು. ಹೆಸರು ಬೇಡ; ನಮ್ಮ ಜನ ಅವರನ್ನು ‘ಜರ್ಮನಿ ಬಾಯಾರು’ ಎಂದೇ ಕರೆದರು. ಅವರ ದೇಶದ ಧರ್ಮಾರ್ಥ ಸಂಸ್ಥೆಯೊಂದು ನಮ್ಮ ಭಾಗದ ಕೆಲವು ಹಳ್ಳಿಗಳಲ್ಲಿ ಬಾವಿ ತೋಡಿಸುವುದಿತ್ತು. ಎಲ್ಲೆಲ್ಲಿ ಬೇಕೆಂದು ಕಣ್ಣಾರೆ ನೋಡಿ ಹೇಳುವ ಕೆಲಸ ಅವರ ಪಾಲಿಗೆ ಬಂದಿತ್ತು.

ಧುಪದಾಳದ ಒಡ್ಡಿನ ಬಳಿ ಜೀಪಿನಿಂದ ಇಳಿದು ನೀರು ನೋಡುತ್ತ ಅವರು ತಮ್ಮ ಕಥೆ ಹೇಳಿದರು. ಮೊದಲು ನಗರಸಭೆಯ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದರಂತೆ. ಯುದ್ಧಕ್ಕೆ ಹೋದ ಗಂಡ ತಿರುಗಿ ಬರಲಿಲ್ಲ. ಊರು ಬಾಂಬಿಗೆ ಸಿಕ್ಕಿ ಇಡೀ ಓಣಿಗೆ ಒಂದೇ ನಳ ಉಳಿಯಿತು. ಆ ನಳದ ಸರದಿಯಲ್ಲಿದ್ದ ಹೆಂಗಸರೇ ಇವರನ್ನು ನಗರಸಭೆಯ ಚುನಾವಣೆಗೆ ನಿಲ್ಲಿಸಿದರು. ಗೆದ್ದು ಹೋದರೆ, ಇವರು ಮಾತಿಗೆ ಎದ್ದ ಕೂಡಲೇ ಸಭೆಯ ಗಂಡಸರು ತಮ್ಮತಮ್ಮಲ್ಲೇ ಹರಟೆ ಶುರುಮಾಡುತ್ತಿದ್ದರು. “ಅವರು ಸುಮ್ಮನಾಗುವವರೆಗೆ ನಿಂತೇ ಇರುತ್ತಿದ್ದೆ. ಒಮ್ಮೆ ಅರ್ಧ ಗಂಟೆ ನಿಂತೆ,” ಎಂದರು. ಹೀಗೆ ಹಟ ಹಿಡಿದೇ ಸಂಸತ್ತು ಮುಟ್ಟಿದವರು. ಕೇಳುತ್ತ ಕೇಳುತ್ತ ನನಗೆ ಅವರ ಮೇಲೆ ಅಭಿಮಾನ ಹುಟ್ಟಿತು.

ಮಾರನೆಯ ದಿನ ಕಾಲುವೆ ಪಕ್ಕದ ಒಂದು ಹಳ್ಳಿಗೆ ಹೋದೆವು. ಅಲ್ಲಿಯ ಪಂಚಾಯತಿಯಲ್ಲಿ ಹರಿಜನ ಕೇರಿಯ ಯಲ್ಲವ್ವ ಎಂಬ ಕೂಲಿ ಹೆಂಗಸು ಸದಸ್ಯೆ. ಸದಸ್ಯೆ ಎಂದರೆ ಹೆಸರಿಗೆ. ಸಭೆ ನಡೆಯುತ್ತಿದ್ದದ್ದು ಕೇರಿಯವರು ಹತ್ತುವಂತಿಲ್ಲದ ಚಾವಡಿಯಲ್ಲಿ. ನಿರ್ಣಯ ಬರೆದ ಠರಾವು ಬುಕ್ಕು ಆಮೇಲೆ ಕೇರಿಗೆ ಬರುತ್ತಿತ್ತು. ಆಕೆ ತನ್ನ ಹೊಸ್ತಿಲಲ್ಲಿ ಕೂತು ಹೆಬ್ಬೆಟ್ಟು ಒತ್ತಬೇಕು. ಒಳಗೇನಿದೆ ಎಂದು ಯಾರೂ ಓದಿ ಹೇಳುತ್ತಿರಲಿಲ್ಲ. ಈ ರೂಢಿ ನನಗೂ ಗೊತ್ತಿತ್ತು. ಹೆಬ್ಬೆಟ್ಟು ಇದೆಯಲ್ಲ ಎಂದುಕೊಂಡು ವರದಿಯಲ್ಲಿ ‘ಹಾಜರ್’ ಎಂದು ಬರೆದು ಕೈ ತೊಳೆದುಕೊಳ್ಳುತ್ತಿದ್ದೆ.

ಚಾವಡಿಯ ಮುಂದೆ ಹೆಂಗಸರು ಸೇರಿದರು. ಕೇರಿಯವರು ಬೇವಿನ ಗಿಡದಾಚೆ ಕೂತರು. ಬಾಯಾರು ತಮ್ಮ ಕಥೆಯನ್ನು ಮತ್ತೆ ಹೇಳಿದರು, ನಾನು ಉತ್ಸಾಹದಿಂದ ಕನ್ನಡದಲ್ಲಿ ಹೇಳಿದೆ. ಒಂದೇ ನಳದ ಮಾತು ಬಂದಾಗ ಕೇರಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಳಿಕ ಬಾಯಾರು ಗಿಡ ದಾಟಿ ಯಲ್ಲವ್ವನ ಹತ್ತಿರವೇ ಹೋಗಿ, “ನೀವು ಸಭೆಯಲ್ಲಿ ಏನು ಕೇಳಿದಿರಿ? ನಿಮಗೇನು ಬೇಕು?” ಎಂದರು.

ಯಲ್ಲವ್ವ ಸೆರಗು ಸರಿಮಾಡಿಕೊಂಡು ಎದ್ದಳು. “ನಾ ಸಭಾಕ್ಕ ಹೋಗೇ ಇಲ್ರಿ. ಬುಕ್ಕ ಮನೀಗೆ ತರ್ತಾರ, ಹೆಬ್ಬಟ್ಟ ಒತ್ತತೀನಿ. ಊರ ಬಾಂವಿ ನಮಗ ಮುಟ್ಟಗೊಡೂದಿಲ್ಲ. ಕೊಡ ಇಟ್ಟು ದೂರ ನಿಂದರತೀವಿ, ಯಾರರ ಬಂದು ಹಾಕಿದ್ರ ನೀರು. ಇಲ್ಲಂದ್ರ ಕಾಲಿವಿ ನೀರು. ಕಾಲಿವಿ ಬಂದಾದ್ರ ತಗ್ಗಿನಾಗ ನಿಂತಿದ್ದನ್ನ ಕುಡೀತೀವಿ. ನನ್ನ ಮಗಳು ಬ್ಯಾಸಗ್ಯಾಗ ಚೊಚ್ಚಲ ಹಡಿಯಾಕ ಬರಾಕಿ ಅದಾಳ. ಕೇರಿಗೊಂದು ಬಾಂವಿ ಬೇಕಂತ ಹೇಳ್ರಿ ಅಕ್ಕಾರ.”

ಚಾವಡಿ ಕಟ್ಟೆಯ ಮೇಲಿದ್ದ ಊರ ಹಿರಿಯರು ನನ್ನತ್ತ ನೋಡಿದರು. ಯಾರೂ ಬೆದರಿಸಲಿಲ್ಲ, ಹೀಗೆ ಹೇಳು ಎನ್ನಲಿಲ್ಲ. ಹೊರದೇಶದವರ ಮುಂದೆ ನಮ್ಮ ಮಾನ ಹೋಗುತ್ತದೆ, ನನ್ನ ‘ಹಾಜರ್’ ಸುಳ್ಳೆಂದು ಬಯಲಾಗುತ್ತದೆ. ನನ್ನ ತಲೆಯಲ್ಲಿದ್ದದ್ದು ಇಷ್ಟೇ. “ಸಭೆಗೆ ಹೋಗುತ್ತಾಳಂತೆ, ಯಾವ ತೊಂದರೆಯೂ ಇಲ್ಲವಂತೆ,” ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಬಾಯಾರು ನಮ್ಮಿಬ್ಬರನ್ನೂ ಒಮ್ಮೆ ನೋಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಬಾವಿಗಳು ಮೂಡಲಗಿ ಕಡೆಯ ಹಳ್ಳಿಗಳ ಪಾಲಾದವು. ಮೇ ತಿಂಗಳಲ್ಲಿ ಕಾಲುವೆ ಬಂದಾಯಿತು, ಕೇರಿಗೆ ವಾಂತಿಭೇದಿ ಹೊಕ್ಕಿತು. ಲಸಿಕೆ ಹಾಕುವವರೊಂದಿಗೆ ನಾನು ಹೋಗುವಷ್ಟರಲ್ಲಿ ಯಲ್ಲವ್ವನ ಮಗಳು ತೀರಿ ಎರಡು ದಿನವಾಗಿತ್ತು. ಹನ್ನೆರಡು ದಿನದ ಕೂಸು ಯಲ್ಲವ್ವನ ತೊಡೆಯ ಮೇಲೆ ಮಲಗಿತ್ತು. ಆಕೆಯೇ ಮೊದಲು ಮಾತಾಡಿದಳು.

“ಅವತ್ತ ನಾ ಅಷ್ಟುದ್ದ ಹೇಳಿದ್ನಿ ಅಕ್ಕಾರ. ನೀವು ಎರಡ ಮಾತಿನಾಗ ಮುಗಿಸಿದ್ರಿ. ಇಂಗ್ಲೀಸದಾಗ ಅಷ್ಟ ಸಣ್ಣದಾಗಿ ಹೇಳಾಕ ಬರತೈತೇನೋ ಅನಕೊಂಡ್ನಿ.”

ಅದು ಕುಟುಕು ಮಾತಲ್ಲ. ಆಕೆ ಖರೆಯೇ ಹಾಗೆ ನಂಬಿದ್ದಳು. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ. “ನಾ ಹೇಳಲೇ ಇಲ್ಲ ಯಲ್ಲವ್ವಾ,” ಎಂದೆ.

ಯಲ್ಲವ್ವ ಕೂಸಿನ ಮುಖದ ಮೇಲಿನ ನೊಣ ಓಡಿಸಿದಳು. “ಹಂಗಾರ ಆ ಬಾಯಾರಿಗೆ ಗೊತ್ತ ಆಗಲಿಲ್ಲೇನ್ರಿ? ಕೇಳಿನೂ ಕೊಡಲಿಲ್ಲಂತ ಎರಡು ದಿನದಿಂದ ಅವರಿಗೆ ಶಾಪ ಹಾಕಾಕತ್ತಿದ್ನಿ,” ಎಂದಳು.

ಅಂದಿನಿಂದ ನನ್ನ ವರದಿಗಳಲ್ಲಿ ‘ಗೈರುಹಾಜರ್’ ಎಂದು ಬರೆಯತೊಡಗಿದೆ, ಮೇಲಿನವರಿಂದ ಬೈಸಿಕೊಂಡೆ. ಬಾಯಾರಿಗೂ ನಡೆದದ್ದನ್ನೆಲ್ಲ ಬರೆದೆ. ಉತ್ತರ ಬಂತು. ಅಷ್ಟರಲ್ಲಿ ಆ ಸಂಸ್ಥೆಯ ಬಾವಿಯ ಹಣ ಮುಗಿದಿತ್ತು, ಅವರ ಕೈಯಲ್ಲಿ ಏನೂ ಉಳಿದಿರಲಿಲ್ಲ. ‘ನನಗೂ ಅನುಮಾನ ಬಂದಿತ್ತು, ಮತ್ತೊಮ್ಮೆ ಕೇಳಬೇಕಿತ್ತು. ಸಮಯವಾಯಿತೆಂದು ಜೀಪು ಹತ್ತಿದೆ. ಈ ತಪ್ಪಿನಲ್ಲಿ ನನ್ನದೂ ಪಾಲಿದೆ,’ ಎಂದಿತ್ತು. ಕೇರಿಗೆ ಬಾವಿಯಾದದ್ದು ೧೯೬೪ರಲ್ಲಿ, ಯಲ್ಲವ್ವ ತಾನೇ ಚಾವಡಿ ಹತ್ತಿ ಕೇಳಿದ ಮೇಲೆ.

ಇನ್ನೊಬ್ಬರ ಮಾತನ್ನು ಮುಟ್ಟಿಸುವ ಕೆಲಸ ಸಿಕ್ಕಾಗ ಅದನ್ನು ಚೆಂದ ಮಾಡುವ ಹಕ್ಕು ನಮಗಿಲ್ಲ ಎಂದು ಹೊಸದಾಗಿ ಸೇರಿದ ಸೇವಿಕೆಯರಿಗೆ ನಾನು ಎಷ್ಟೋ ವರ್ಷ ಪಾಠ ಹೇಳಿದೆ. ಅವರೆಲ್ಲ ತಲೆಯಾಡಿಸಿ ಬರೆದುಕೊಳ್ಳುತ್ತಿದ್ದರು. ನಾನು ಇದನ್ನು ಕಲಿಯಲು ಯಲ್ಲವ್ವನ ಮಗಳು ಸಾಯಬೇಕಾಯಿತು ಎಂಬುದನ್ನು ಮಾತ್ರ ಯಾರಿಗೂ ಹೇಳುವ ಧೈರ್ಯ ಬರಲಿಲ್ಲ.